‘ಮದುವೆಯಾದ ಮೇಲೆ ಪ್ರೀತಿ ತಾನಾಗಿ ಬರುತ್ತೆ’: ವಿಜ್ಞಾನ ನಿಜಕ್ಕೂ ಹಾಗೆ ಹೇಳಿದೆಯೇ?

ಹುಡುಗಿ ನೋಡುವ ಶಾಸ್ತ್ರ ಮುಗಿದಿದೆ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಎತ್ತಿಟ್ಟು ಎರಡು ದಿನವಾಗಿದೆ. ಎರಡೂ ಕಡೆಯವರಿಗೆ ಒಪ್ಪಿಗೆ. ಹುಡುಗಿ ಮಾತ್ರ ‘ಇನ್ನೊಂದೆರಡು ಸಲ ಮಾತಾಡಿ ಹೇಳ್ತೀನಿ’ ಅನ್ನುತ್ತಿದ್ದಾಳೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕುತ್ತಾರೆ. ಲವ್ ಮ್ಯಾರೇಜ್‌ನಲ್ಲಿ ಪ್ರೀತಿ ಐದು ವರ್ಷಕ್ಕೆ ಇಳಿದುಹೋಗುತ್ತದಂತೆ, ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಹತ್ತು ವರ್ಷಕ್ಕೆ ಎರಡು ಪಟ್ಟಾಗುತ್ತದಂತೆ, ಇದನ್ನು ಮನಃಶಾಸ್ತ್ರಜ್ಞರು ಸಾಬೀತು ಮಾಡಿದ್ದಾರಂತೆ. ಕೊನೆಯಲ್ಲಿ ನಾಲ್ಕು ಕೈಮುಗಿಯುವ ಇಮೋಜಿ.

ಚಾಮರಾಜಪೇಟೆಯ ಓದುಗರೊಬ್ಬರು ಇಂಥದ್ದೇ ಒಂದು ಸಂದೇಶವನ್ನು ನಮಗೆ ಕಳಿಸಿ ಕೇಳಿದರು: “ಇದು ನಿಜವಾ? ಭಾನುವಾರದೊಳಗೆ ನಾನು ಉತ್ತರ ಕೊಡಬೇಕು.” ಒಂದು ಮನೆಯಲ್ಲಿ ಒಂದು ಹುಡುಗಿಯ ‘ಹೂಂ’ ಅಥವಾ ‘ಊಹೂಂ’ ಈ ಫಾರ್ವರ್ಡಿನ ಮೇಲೆ ನಿಂತಿರುವಾಗ ಅದನ್ನು ಸರಿಯಾಗಿ ಪರಿಶೀಲಿಸಲೇಬೇಕು. ಪರಿಶೀಲಿಸಿದೆವು. ಜೊತೆಗೆ, ಪ್ರೀತಿ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಮನಃಶಾಸ್ತ್ರದ ಮುಖ್ಯ ಸಿದ್ಧಾಂತಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ವಿವರಿಸಿದ್ದೇವೆ.

ಸಂಕ್ಷಿಪ್ತ ಉತ್ತರ

• ಫಾರ್ವರ್ಡಿನ ಹಿಂದೆ ನಿಜವಾದ ಒಂದು ಅಧ್ಯಯನ ಇದೆ. ಆದರೆ ಅದು 50 ಜೋಡಿಗಳ ಸಣ್ಣ ಅಧ್ಯಯನ. ನಂತರದ ಹಲವು ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ.
• ಪ್ರೀತಿ ಹುಟ್ಟಲು ಅನುಕೂಲವಾಗುವ ಸಂದರ್ಭ ಯಾವುದು ಎಂದು ಮನಃಶಾಸ್ತ್ರ ಹೇಳಬಲ್ಲದು. ‘ಇವರಿಬ್ಬರ ನಡುವೆ ಹುಟ್ಟುತ್ತದೆ’ ಎಂದು ಮುಂಚೆಯೇ ಹೇಳಲಾರದು.
• ಆದ್ದರಿಂದ ಯಾರನ್ನಾದರೂ ಒಪ್ಪಿಸಲು ಈ ಫಾರ್ವರ್ಡನ್ನು ‘ವಿಜ್ಞಾನ’ ಎಂದು ಬಳಸುವುದು ತಪ್ಪು.

ಈ ಫಾರ್ವರ್ಡ್ ಎಲ್ಲಿಂದ ಬಂತು?

1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಎಂಬ ಸಂಶೋಧಕರು ರಾಜಸ್ಥಾನದ ಜೈಪುರದಲ್ಲಿ 50 ದಂಪತಿಗಳನ್ನು ಅಧ್ಯಯನ ಮಾಡಿದರು. ಅವರಲ್ಲಿ ಪ್ರೀತಿಸಿ ಮದುವೆಯಾದವರೂ ಇದ್ದರು, ಹಿರಿಯರು ನಿಶ್ಚಯಿಸಿದ ಮದುವೆಯವರೂ ಇದ್ದರು. ಅಮೆರಿಕದ ಮನಃಶಾಸ್ತ್ರಜ್ಞ ಝಿಕ್ ರೂಬಿನ್ ರೂಪಿಸಿದ್ದ ಪ್ರಶ್ನಾವಳಿಯಿಂದ ಪ್ರೀತಿಯನ್ನು ಅಳೆದರು. ಹೊಸದಾಗಿ ಮದುವೆಯಾದವರಲ್ಲಿ ಪ್ರೇಮವಿವಾಹದವರ ಅಂಕ ಹೆಚ್ಚಿತ್ತು. ಮದುವೆಯಾಗಿ ಐದು ವರ್ಷ ದಾಟಿದವರಲ್ಲಿ ನಿಶ್ಚಿತ ವಿವಾಹದವರ ಅಂಕ ಹೆಚ್ಚಿತ್ತು. ಫಾರ್ವರ್ಡ್ ಹೇಳುವ ಕಥೆ ಹುಟ್ಟಿದ್ದು ಇಲ್ಲಿ.

ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಸಂಖ್ಯೆ. ಇರುವುದೇ 50 ಜೋಡಿ. ಅವರನ್ನು ಮದುವೆಯ ಬಗೆ, ಮದುವೆಯಾಗಿ ಎಷ್ಟು ವರ್ಷ ಎಂಬ ಎರಡೂ ಲೆಕ್ಕದಲ್ಲಿ ವಿಂಗಡಿಸಿದರೆ ಒಂದೊಂದು ಗುಂಪಿನಲ್ಲಿ ಉಳಿಯುವುದು ಬೆರಳೆಣಿಕೆಯ ಜೋಡಿಗಳು. ಒಂದು ಮದುವೆ ಛತ್ರದ ಒಂದು ಪಂಕ್ತಿಯಲ್ಲಿ ಕೂತವರನ್ನು ಕೇಳಿ ಇಡೀ ದೇಶದ ದಾಂಪತ್ಯದ ಬಗ್ಗೆ ತೀರ್ಪು ಕೊಡಲಾಗುತ್ತದೆಯೇ?

ಎರಡನೆಯದು ಇನ್ನೂ ಮುಖ್ಯ. ಅವರು ಒಂದೇ ದಂಪತಿಯನ್ನು ಹತ್ತು ವರ್ಷ ಹಿಂಬಾಲಿಸಿ ನೋಡಲಿಲ್ಲ. ಈಗಷ್ಟೇ ಮದುವೆಯಾದ ಕೆಲವರನ್ನು, ಹತ್ತು ವರ್ಷ ಕಳೆದ ಬೇರೆ ಕೆಲವರನ್ನು ಒಂದೇ ಕಾಲದಲ್ಲಿ ಹೋಲಿಸಿದರು. ಹಾಗಾಗಿ ‘ಪ್ರೀತಿ ಏರಿತು, ಇಳಿಯಿತು’ ಎನ್ನುವುದಕ್ಕೆ ಅಲ್ಲಿ ಆಧಾರವಿಲ್ಲ.

ನಂತರ ಏನಾಯಿತು? 2012ರಲ್ಲಿ ಪಮೇಲಾ ರೀಗನ್ ಮತ್ತು ಸಂಗಡಿಗರು ಅಮೆರಿಕದಲ್ಲಿರುವ ಭಾರತೀಯ ಮೂಲದ 58 ವಿವಾಹಿತರನ್ನು ಅಧ್ಯಯನ ಮಾಡಿದಾಗ ಪ್ರೀತಿ, ತೃಪ್ತಿ, ಬದ್ಧತೆ ಯಾವುದರಲ್ಲೂ ಎರಡು ಬಗೆಯ ಮದುವೆಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದೂ ಸಣ್ಣ ಅಧ್ಯಯನವೇ. 2013ರಲ್ಲಿ ರಾಬರ್ಟ್ ಎಪ್‌ಸ್ಟೀನ್ ಮತ್ತು ಸಂಗಡಿಗರು ನಿಶ್ಚಿತ ವಿವಾಹಗಳಲ್ಲಿ ಪ್ರೀತಿ ಬೆಳೆದವರನ್ನು ಮಾತಾಡಿಸಿ, ಅದಕ್ಕೆ ಅವರು ಕೊಟ್ಟ ಕಾರಣಗಳನ್ನು ದಾಖಲಿಸಿದರು. ತ್ಯಾಗ, ಬದ್ಧತೆ, ಒಳ್ಳೆಯ ಮಾತುಕತೆ ಇತ್ಯಾದಿ ಅದರಲ್ಲಿ ಬಂದವು.

ಇವೆಲ್ಲ ಸೇರಿಸಿದರೆ ಸಿಗುವ ಉತ್ತರ ಇಷ್ಟು: ನಿಶ್ಚಿತ ವಿವಾಹದಲ್ಲಿ ಪ್ರೀತಿ ಬೆಳೆಯಬಹುದು, ಎಷ್ಟೋ ಮನೆಗಳಲ್ಲಿ ಬೆಳೆದಿದೆ. ‘ಬೆಳೆಯಬಹುದು’ ಎಂಬುದು ‘ಬೆಳೆದೇ ಬೆಳೆಯುತ್ತದೆ’ ಎಂದಾಗುವುದು ಫಾರ್ವರ್ಡಿನಲ್ಲಿ ಮಾತ್ರ.

ಹಾಗಾದರೆ ಪ್ರೀತಿ ಹುಟ್ಟುವುದಾದರೂ ಹೇಗೆ? ಒಂದೊಂದಾಗಿ ನೋಡೋಣ.

1. ಹತ್ತಿರ ಇರುವುದು: ವಠಾರದ ಪಾಠ

ಬಸವನಗುಡಿ, ಚಾಮರಾಜಪೇಟೆಯ ಹಳಬರಿಗೆ ವಠಾರ ಅಂದರೆ ವಿವರಿಸಬೇಕಿಲ್ಲ. ಒಂದೇ ಗೇಟು, ಸಾಲಾಗಿ ಪುಟ್ಟ ಮನೆಗಳು, ನಡುವೆ ಓಣಿಯಂಥ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ಬೆಳಗ್ಗೆ ನೀರು ಹಿಡಿಯುವಾಗ ಯಾರ ಮುಖ ಕಾಣುತ್ತದೋ ಅವರೇ ಸ್ನೇಹಿತರಾಗುತ್ತಿದ್ದರು.

ಮನಃಶಾಸ್ತ್ರ ಇದನ್ನೇ ಅಳೆದು ನೋಡಿದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿ ವಸತಿಗಳಲ್ಲಿ ಲಿಯೋನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಒಂದೇ ಮಹಡಿಯ ಪಕ್ಕದ ಮನೆಯವರಲ್ಲಿ ಶೇ. 41ರಷ್ಟು ಮಂದಿ ಆಪ್ತ ಸ್ನೇಹಿತರಾಗಿದ್ದರು. ಅದೇ ಸಾಲಿನ ಎರಡು ತುದಿಗಳಲ್ಲಿ ಇದ್ದವರಲ್ಲಿ ಆ ಪ್ರಮಾಣ ಶೇ. 10 ಮಾತ್ರ. ನಡುವಿನ ದೂರವೋ, ಕೆಲವೇ ಹೆಜ್ಜೆ! ಮದುವೆಯ ವಿಷಯದಲ್ಲೂ ಹೀಗೆಯೇ. 1932ರಲ್ಲಿ ಜೇಮ್ಸ್ ಬೊಸಾರ್ಡ್ ಫಿಲಡೆಲ್ಫಿಯಾ ನಗರದ 5,000 ವಿವಾಹ ಪರವಾನಗಿಗಳನ್ನು ನೋಡಿದಾಗ, ಸುಮಾರು ಮೂರನೇ ಒಂದು ಭಾಗದ ಜೋಡಿಗಳು ಮದುವೆಗೆ ಮುಂಚೆ ಐದು ಬ್ಲಾಕುಗಳ ಒಳಗೇ ವಾಸವಿದ್ದದ್ದು ಕಂಡಿತು.

ಆದರೆ ನಮ್ಮೂರಿಗೆ ಬಂದಾಗ ಒಂದು ಮಾತು ಸೇರಿಸಬೇಕು. ಇಲ್ಲಿ ‘ಯಾರು ಹತ್ತಿರ ಇರಬಹುದು’ ಎಂಬುದೇ ಆಕಸ್ಮಿಕವಲ್ಲ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ತುಂಬಿಕೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಲ್ಲಿ ನಿವೇಶನಗಳ ಹಂಚಿಕೆಯಲ್ಲೇ ಜಾತಿ, ಸಮುದಾಯದ ವಿಂಗಡಣೆ ಇತ್ತು. ಪಕ್ಕದ ಮನೆಯವರು ಬಹುಮಟ್ಟಿಗೆ ‘ನಮ್ಮವರೇ’ ಆಗಿರುತ್ತಿದ್ದರು.

ಇದಕ್ಕಿಂತ ಹತ್ತಿರದ ಹತ್ತಿರವೂ ನಮ್ಮಲ್ಲಿದೆ: ಸೋದರಮಾವ, ಅತ್ತೆ ಮಗ, ಮಾವನ ಮಗಳು. 1980ರಿಂದ 1989ರವರೆಗೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 27. ಅಂದರೆ ಸಾಮೀಪ್ಯದ ಸಿದ್ಧಾಂತ ನಮ್ಮಲ್ಲೂ ಕೆಲಸ ಮಾಡುತ್ತದೆ. ಆದರೆ ಯಾರನ್ನು ಹತ್ತಿರ ಬಿಡಬೇಕು ಎಂದು ಮನೆಯವರು ಮೊದಲೇ ತೀರ್ಮಾನಿಸಿರುತ್ತಾರೆ.

2. ಪದೇ ಪದೇ ನೋಡುವುದು: ಆದರೆ ಹಿಂದೆ ಬೀಳುವುದಲ್ಲ

1968ರಲ್ಲಿ ರಾಬರ್ಟ್ ಝಾಯಾಂಕ್ ಒಂದು ಸರಳ ಸಂಗತಿ ತೋರಿಸಿದರು. ಅರ್ಥವಿಲ್ಲದ ಪದವಿರಲಿ, ಅಪರಿಚಿತರ ಫೋಟೋ ಇರಲಿ, ಹೆಚ್ಚು ಸಲ ನೋಡಿದಷ್ಟೂ ಅದು ನಮಗೆ ಹಿಡಿಸುತ್ತದೆ. 1992ರ ಇನ್ನೊಂದು ಪ್ರಯೋಗದಲ್ಲಿ ನಾಲ್ವರು ಯುವತಿಯರು ಒಂದು ಕಾಲೇಜು ತರಗತಿಗೆ ಬಂದು, ಯಾರೊಂದಿಗೂ ಮಾತಾಡದೆ ಕೂತು ಹೋದರು. ಒಬ್ಬರು 15 ಸಲ, ಒಬ್ಬರು 10 ಸಲ, ಒಬ್ಬರು 5 ಸಲ ಬಂದರೆ, ನಾಲ್ಕನೆಯವರು ಬರಲೇ ಇಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ನಾಲ್ವರ ಫೋಟೋ ತೋರಿಸಿದಾಗ, ಹೆಚ್ಚು ಸಲ ಬಂದವರೇ ಹೆಚ್ಚು ಇಷ್ಟವಾದರು. ದಿನಾ ಒಂದೇ ಬಸ್ಸು, ಒಂದೇ ಲೈಬ್ರರಿ, ಒಂದೇ ಕಾಫಿ ಅಂಗಡಿಯಲ್ಲಿ ಕಾಣುವ ಮುಖ ಮೆಲ್ಲಗೆ ‘ಪರಿಚಿತ’ ಆಗುವುದು ಹೀಗೆ.

ಇಲ್ಲೇ ಒಂದು ಅಪಾಯಕಾರಿ ತಪ್ಪು ತಿಳಿವಳಿಕೆ ಇದೆ. ‘ಬಿಡದೆ ಹಿಂದೆ ಬಿದ್ದರೆ ಹುಡುಗಿ ಒಲಿದೇ ಒಲಿಯುತ್ತಾಳೆ’ ಎಂದು ಸಿನಿಮಾಗಳು ಹೇಳಿಕೊಟ್ಟಿವೆ. ಕೆಲವು ರೀಲ್ಸ್‌ಗಳು ಅದಕ್ಕೆ ಈ ಸಿದ್ಧಾಂತದ ಹೆಸರನ್ನೂ ಅಂಟಿಸುತ್ತವೆ. ಇದು ಸುಳ್ಳು. ಮೊದಲ ಅನಿಸಿಕೆ ಸಾಧಾರಣವಾಗಿಯೋ ಒಳ್ಳೆಯದಾಗಿಯೋ ಇದ್ದಾಗ ಮಾತ್ರ ಪದೇ ಪದೇ ನೋಡುವುದು ಇಷ್ಟವನ್ನು ಹೆಚ್ಚಿಸುತ್ತದೆ. ಭಯ ಅಥವಾ ಕಿರಿಕಿರಿ ಹುಟ್ಟಿಸಿದ ವ್ಯಕ್ತಿಯನ್ನು ಮತ್ತೆ ಮತ್ತೆ ನೋಡಿದರೆ ಪ್ರೀತಿ ಹುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ನಡೆದ 1976ರ ಅಧ್ಯಯನದಲ್ಲಿ, ಹತ್ತಿರದ ಮನೆಯವರಲ್ಲಿ ಸ್ನೇಹಿತರಷ್ಟೇ ಅಲ್ಲ, ಇಷ್ಟವಾಗದವರೂ ಹೆಚ್ಚಿದ್ದರು. ನಲ್ಲಿಯ ಮುಂದೆ ಜಗಳ ಕಂಡ ವಠಾರದವರಿಗೆ ಇದೇನೂ ಹೊಸ ಸುದ್ದಿಯಲ್ಲ.

ಕಾನೂನಿನ ಮಾತನ್ನೂ ನೆನಪಿಡಿ. ಆಸಕ್ತಿಯಿಲ್ಲ ಎಂದು ಮಹಿಳೆ ಸ್ಪಷ್ಟಪಡಿಸಿದ ಮೇಲೂ ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸುವುದು, ಆಕೆಯ ಆನ್‌ಲೈನ್ ಚಟುವಟಿಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ.

3. ನಮ್ಮಂಥವರು: ‘ವಿರುದ್ಧ ಸ್ವಭಾವದವರೇ ಸೆಳೆಯುತ್ತಾರೆ’ ಎಂಬುದು ನಿಜವೇ?

ಹೆಚ್ಚಾಗಿ ಅಲ್ಲ. 2023ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಬ್ರಿಟನ್ನಿನ ದೊಡ್ಡ ದತ್ತಾಂಶವನ್ನೂ ಸೇರಿಸಿ ನೋಡಿದರು. ಪರಿಶೀಲಿಸಿದ ಗುಣಗಳಲ್ಲಿ ಬಹುಪಾಲಿನಲ್ಲಿ ಜೋಡಿಗಳು ಒಬ್ಬರನ್ನೊಬ್ಬರು ಹೋಲುತ್ತಿದ್ದರು. ರಾಜಕೀಯ ಮತ್ತು ಧಾರ್ಮಿಕ ನಿಲುವು, ಓದಿನ ಮಟ್ಟದಲ್ಲಿ ಹೋಲಿಕೆ ಹೆಚ್ಚು. ಮಾತುಗಾರಿಕೆ, ಸಂಕೋಚದಂಥ ಸ್ವಭಾವಗಳಲ್ಲಿ ಹೋಲಿಕೆ ತೀರಾ ಕಡಿಮೆ. ಮೌನಿ ಗಂಡ, ಮಾತುಗಾತಿ ಹೆಂಡತಿ ಜೋಡಿ ಇರಬಹುದು. ಆದರೆ ಅವರನ್ನು ಸೆಳೆದದ್ದು ಆ ವಿರೋಧವೇ ಎನ್ನಲು ಆಧಾರವಿಲ್ಲ.

ಇದನ್ನೂ ಎಚ್ಚರದಿಂದ ಓದಬೇಕು. ‘ನಮ್ಮಂಥವರೇ ಇಷ್ಟವಾಗುತ್ತಾರೆ, ಆದ್ದರಿಂದ ಸ್ವಜಾತಿಯೇ ಸರಿ’ ಎಂಬ ವಾದಕ್ಕೆ ಇದು ಪುರಾವೆ ಆಗುವುದಿಲ್ಲ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ವಿವಾಹಗಳು ಸುಮಾರು ಶೇ. 5 ಮಾತ್ರ. ಭೇಟಿಯಾಗುವ ಅವಕಾಶವೇ ಒಂದು ವಲಯದೊಳಗೆ ಸೀಮಿತವಾಗಿದ್ದರೆ, ಆಯ್ಕೆಯೂ ಆ ವಲಯದೊಳಗೇ ಆಗುತ್ತದೆ. ಅಂಗಡಿಯಲ್ಲಿ ಒಂದೇ ಬಣ್ಣದ ಸೀರೆ ಇಟ್ಟು ‘ನೋಡಿ, ಎಲ್ಲರಿಗೂ ಇದೇ ಬಣ್ಣ ಇಷ್ಟ’ ಅಂದ ಹಾಗೆ.

4. ಮನಬಿಚ್ಚಿ ಮಾತಾಡುವುದು

ಇರ್ವಿನ್ ಆಲ್ಟ್‌ಮನ್ ಮತ್ತು ಡಾಲ್ಮಸ್ ಟೇಲರ್ 1973ರಲ್ಲಿ ಮಂಡಿಸಿದ ಸಿದ್ಧಾಂತ ನೆನಪಿಡಲು ಸುಲಭ. ಮನುಷ್ಯ ಈರುಳ್ಳಿಯ ಹಾಗೆ. ಮೇಲಿನ ಪದರ ಊರು, ಓದು, ಕೆಲಸ. ಅದರೊಳಗೆ ಅಭಿರುಚಿ, ಅಭಿಪ್ರಾಯ. ಇನ್ನೂ ಒಳಗೆ ಭಯ, ಅವಮಾನ, ಆಸೆ. ಇಬ್ಬರೂ ಸರಿಸುಮಾರು ಒಂದೇ ವೇಗದಲ್ಲಿ ಒಂದೊಂದೇ ಪದರ ಬಿಡಿಸಿದಾಗ ಆಪ್ತತೆ ಬೆಳೆಯುತ್ತದೆ.

‘ಈ 36 ಪ್ರಶ್ನೆ ಕೇಳಿದರೆ ಯಾರಾದರೂ ನಿಮ್ಮ ಪ್ರೀತಿಗೆ ಬೀಳುತ್ತಾರೆ’ ಎಂಬ ಫಾರ್ವರ್ಡ್ ನೀವೂ ನೋಡಿರಬಹುದು. ಅದರ ಮೂಲ ಆರ್ಥರ್ ಆರನ್ ಮತ್ತು ಸಂಗಡಿಗರ 1997ರ ಪ್ರಯೋಗ. ಅಪರಿಚಿತರಿಬ್ಬರು ಸುಮಾರು 45 ನಿಮಿಷ ಹಂತಹಂತವಾಗಿ ಆಳವಾಗುವ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಂಡರೆ, ಹರಟೆ ಹೊಡೆದವರಿಗಿಂತ ಹೆಚ್ಚು ಆಪ್ತರೆನಿಸುತ್ತಾರೆ ಎಂಬುದಷ್ಟೇ ಅದರ ಫಲಿತಾಂಶ. ಪ್ರೀತಿ ಹುಟ್ಟಿಸುವ ಮಂತ್ರ ಅಂತ ಸಂಶೋಧಕರು ಹೇಳಿಕೊಂಡಿರಲಿಲ್ಲ.

ಆದರೂ ಇದರಲ್ಲಿ ನಮಗೊಂದು ಪಾಠ ಇದೆ. ಹೆಣ್ಣು ನೋಡಲು ಬಂದಾಗ ‘ಇಬ್ಬರೂ ಬಾಲ್ಕನಿಗೆ ಹೋಗಿ ಮಾತಾಡಿಕೊಂಡು ಬನ್ನಿ’ ಎಂದು ಕೊಡುವ ಹತ್ತು ನಿಮಿಷದಲ್ಲಿ ಈರುಳ್ಳಿಯ ಒಣಸಿಪ್ಪೆಯೂ ಬಿಡುವುದಿಲ್ಲ.

5. ಪ್ರೀತಿಯ ಮೂರು ಮೂಲೆಗಳು

ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ತ್ರಿಕೋನವಾಗಿ ವಿವರಿಸಿದರು. ಮೂರು ಮೂಲೆಗಳು: ಆಪ್ತತೆ, ಮೋಹ, ಬದ್ಧತೆ. ಇವುಗಳಲ್ಲಿ ಯಾವುದು ಎಷ್ಟಿದೆ ಎನ್ನುವುದರ ಮೇಲೆ ಪ್ರೀತಿಯ ಬಗೆ ಬದಲಾಗುತ್ತದೆ. ಮೋಹ ಮಾತ್ರ ಇದ್ದರೆ ಒಂದು ಬಗೆ, ಬದ್ಧತೆ ಮಾತ್ರ ಉಳಿದಿದ್ದರೆ ಇನ್ನೊಂದು ಬಗೆ.

ಲವ್ ಮ್ಯಾರೇಜ್, ಅರೇಂಜ್ಡ್ ಮ್ಯಾರೇಜ್ ಜಗಳಕ್ಕೆ ಈ ಚಿತ್ರ ತುಸು ಬೆಳಕು ಕೊಡುತ್ತದೆ. ಒಂದರಲ್ಲಿ ಸಾಮಾನ್ಯವಾಗಿ ಮೋಹ, ಆಪ್ತತೆ ಮೊದಲು ಬಂದು ಬದ್ಧತೆ ಆಮೇಲೆ ಬರುತ್ತದೆ. ಇನ್ನೊಂದರಲ್ಲಿ ಛತ್ರ ಬುಕ್ ಆಗುವ ಹೊತ್ತಿಗೇ ಬದ್ಧತೆ ಬಂದಿರುತ್ತದೆ, ಉಳಿದೆರಡು ಬರಬೇಕು. ಬರುವ ಕ್ರಮ ಬೇರೆ. ಬಂದೇ ಬರುತ್ತವೆ ಎಂಬ ಖಾತರಿ ಎರಡರಲ್ಲೂ ಇಲ್ಲ.

6. ಬಾಲ್ಯದ ನಂಟು

ಮಗು ತನ್ನನ್ನು ಸಾಕಿದವರ ಜೊತೆ ಬೆಳೆಸಿಕೊಳ್ಳುವ ನಂಟು ದೊಡ್ಡವರಾದ ಮೇಲಿನ ಪ್ರೀತಿಯಲ್ಲೂ ಕಾಣುತ್ತದೆ ಎಂದು ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಹೇಳಿದರು. ಕೆಲವರಿಗೆ ಹತ್ತಿರವಾಗುವುದು ಸಲೀಸು, ಕೆಲವರಿಗೆ ಬಿಟ್ಟುಹೋಗುತ್ತಾರೇನೋ ಎಂಬ ಆತಂಕ, ಕೆಲವರಿಗೆ ಹತ್ತಿರವಾದರೇ ಉಸಿರುಕಟ್ಟಿದ ಹಾಗೆ. ರೀಲ್ಸ್ ನೋಡಿ ‘ನಾನು ಈ ಟೈಪು, ಅವನು ಆ ಟೈಪು’ ಎಂದು ಹಣೆಪಟ್ಟಿ ಹಚ್ಚುವುದು ಮಾತ್ರ ಬೇಡ. ಇವು ರೋಗಗಳಲ್ಲ, ಬದಲಾಗದ ಹಣೆಬರಹವೂ ಅಲ್ಲ. ಒಳ್ಳೆಯ ಸಂಬಂಧದಲ್ಲಿ ಆತಂಕ ಕಡಿಮೆಯಾಗಬಲ್ಲದು.

ಸಾಲಾವಳಿ, ಆ್ಯಪ್, ಬ್ಲಡ್ ಗ್ರೂಪ್: ಹೊಂದಾಣಿಕೆ ಮೊದಲೇ ಗೊತ್ತಾಗುತ್ತದೆಯೇ?

ಸಾಲಾವಳಿ: ‘36ಕ್ಕೆ 28 ಗುಣ ಕೂಡಿದೆ, ಕಣ್ಣು ಮುಚ್ಚಿ ಒಪ್ಪಿಕೊಳ್ಳಿ’ ಎನ್ನುವವರು ಇದ್ದಾರೆ. ಬ್ರಿಟನ್ನಿನ ಡೇವಿಡ್ ವೋಸ್ 2007ರಲ್ಲಿ ಅಲ್ಲಿನ 2001ರ ಜನಗಣತಿಯಿಂದ ಸುಮಾರು ಒಂದು ಕೋಟಿ ದಂಪತಿಗಳ ಹುಟ್ಟಿದ ದಿನಗಳನ್ನು ಪರಿಶೀಲಿಸಿದರು. ಯಾವ ರಾಶಿಯವರಿಗೂ ಯಾವ ರಾಶಿಯವರ ಕಡೆಗೂ ವಿಶೇಷ ಒಲವು ಕಾಣಲಿಲ್ಲ. ಅದು ಪಾಶ್ಚಾತ್ಯ ಸೂರ್ಯರಾಶಿಯ ಪರೀಕ್ಷೆ, ನಮ್ಮ ನಕ್ಷತ್ರ ಪದ್ಧತಿಯದ್ದಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಜಾತಕದ ಅಂಕದಿಂದ ದಾಂಪತ್ಯದ ಸುಖವನ್ನು ಮೊದಲೇ ತಿಳಿಯಬಹುದು ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ.

ಆ್ಯಪ್ ಹೇಳುವ ‘ಶೇ. 92 ಮ್ಯಾಚ್’: ಇದಕ್ಕೂ ಅದೇ ಮಾತು. 2017ರಲ್ಲಿ ಸಮಂತಾ ಜೋಯೆಲ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಗುಣ, ಅಭಿರುಚಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ಉಣಿಸಿ, ಮೊದಲ ಭೇಟಿಯಲ್ಲಿ ಯಾರಿಗೆ ಯಾರು ಇಷ್ಟವಾಗುತ್ತಾರೆ ಎಂದು ಊಹಿಸಲು ನೋಡಿದರು. ಸಾಮಾನ್ಯವಾಗಿ ಹೆಚ್ಚು ಜನರಿಗೆ ಯಾರು ಹಿಡಿಸುತ್ತಾರೆ ಎಂಬುದು ಸ್ವಲ್ಪಮಟ್ಟಿಗೆ ಸಿಕ್ಕಿತು. ‘ಇವಳಿಗೆ ಇವನೇ’ ಎಂಬುದು ಸಿಗಲಿಲ್ಲ.

ಬ್ಲಡ್ ಗ್ರೂಪ್: ‘ಒಂದೇ ಬ್ಲಡ್ ಗ್ರೂಪಿನವರು ಮದುವೆಯಾಗಬಾರದು’ ಎಂಬುದು ಪೂರ್ತಿ ಸುಳ್ಳು. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆಗಿದ್ದರೆ ಗರ್ಭಧಾರಣೆಯಲ್ಲಿ ಎಚ್ಚರ ಬೇಕು. ಅದಕ್ಕೆ ಆ್ಯಂಟಿ-ಡಿ ಇಂಜೆಕ್ಷನ್ ಇದೆ, ವೈದ್ಯರು ನೋಡಿಕೊಳ್ಳುತ್ತಾರೆ. ನಿಜವಾಗಿ ವೈದ್ಯರ ಜೊತೆ ಮಾತಾಡಬೇಕಾದದ್ದು ರಕ್ತಸಂಬಂಧದೊಳಗಿನ ಮದುವೆಯ ಬಗ್ಗೆ. ಅಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ.

ಹಾಗಾದರೆ ಸಂಬಂಧದ ಗುಣಮಟ್ಟವನ್ನು ಯಾವುದು ಹೇಳುತ್ತದೆ? ಜೋಯೆಲ್ ತಂಡವೇ 2020ರಲ್ಲಿ 43 ಅಧ್ಯಯನಗಳ 11,196 ಜೋಡಿಗಳ ಮಾಹಿತಿಯನ್ನು ಒಟ್ಟಿಗೆ ನೋಡಿತು. ಇಬ್ಬರ ವಯಸ್ಸು, ವರಮಾನ, ಸ್ವಭಾವಕ್ಕಿಂತ ಹೆಚ್ಚು ಹೇಳಿದ್ದು ಸಂಬಂಧದ ಒಳಗಿನ ಅನುಭವ: ಜೊತೆಗಾರರು ನನ್ನ ಜೊತೆ ಗಟ್ಟಿಯಾಗಿ ನಿಲ್ಲುತ್ತಾರೆ ಅನಿಸುತ್ತದೆಯೇ, ನನ್ನ ಬೆಲೆ ಅವರಿಗೆ ಗೊತ್ತಿದೆಯೇ, ಜಗಳ ಹೇಗೆ ನಡೆಯುತ್ತದೆ. ಇವು ಬಯೋಡೇಟಾದಲ್ಲಿ ಬರೆಯುವ ಸಂಗತಿಗಳಲ್ಲ. ಜೊತೆಗೆ ಕಾಲ ಕಳೆದಾಗಷ್ಟೇ ಗೊತ್ತಾಗುತ್ತವೆ.

‘ನಮ್ಮಲ್ಲಿ ಡಿವೋರ್ಸ್ ಕಡಿಮೆ, ಅಂದರೆ ಪ್ರೀತಿ ಹೆಚ್ಚು’

ಈ ವಾದವೂ ಫಾರ್ವರ್ಡುಗಳಲ್ಲಿ ಪದೇ ಪದೇ ಬರುತ್ತದೆ. ಕ್ಯಾರಿಲ್ ರಸ್ಬಲ್ಟ್ 1980ರ ದಶಕದಲ್ಲಿ ಬೆಳೆಸಿದ ಸಿದ್ಧಾಂತ ಇಲ್ಲಿ ಉಪಯುಕ್ತ. ಜನ ಒಂದು ಸಂಬಂಧದಲ್ಲಿ ಉಳಿಯುವುದು ಖುಷಿಯಾಗಿದ್ದಾರೆ ಎಂಬ ಕಾರಣಕ್ಕೆ ಮಾತ್ರವಲ್ಲ. ಅದಕ್ಕೆ ಈಗಾಗಲೇ ಎಷ್ಟು ಸುರಿದಿದ್ದಾರೆ, ಬಿಟ್ಟು ಹೋದರೆ ಬೇರೆ ದಾರಿ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸ್ವಂತ ಸಂಪಾದನೆ ಇಲ್ಲದ, ತವರಿನಲ್ಲಿ ‘ವಾಪಸ್ ಬರಬೇಡ’ ಎನಿಸಿಕೊಂಡ ಹೆಣ್ಣುಮಗಳು ಮದುವೆಯಲ್ಲಿ ಉಳಿದಿದ್ದರೆ, ಅದನ್ನು ಪ್ರೀತಿಯ ಗೆಲುವು ಎಂದು ಎಣಿಸುವುದು ಸರಿಯಲ್ಲ.

ಹಾಗಾದರೆ ಏನು ಮಾಡಬಹುದು?

• ಸಮಯ ಕೇಳಿ. ಸಾಮೀಪ್ಯ, ಪರಿಚಯ, ಮನಬಿಚ್ಚಿ ಮಾತು, ಇವೆಲ್ಲಕ್ಕೂ ಬೇಕಾದದ್ದು ಸಮಯ. ಒಂದೇ ಭೇಟಿಯಲ್ಲಿ ಉತ್ತರ ಕೊಡಿ ಎನ್ನುವವರಿಗೆ ‘ಇನ್ನೂ ನಾಲ್ಕು ಸಲ ಭೇಟಿಯಾಗಬೇಕು’ ಎನ್ನುವುದು ಹಟವಲ್ಲ.
• ಮನೆಯ ಹೊರಗೆ ಭೇಟಿಯಾಗಿ. ಗಾಂಧಿ ಬಜಾರಿನಲ್ಲಿ ಒಂದು ದೋಸೆ, ಸ್ಯಾಂಕಿ ಕೆರೆಯ ದಂಡೆಯಲ್ಲಿ ಒಂದು ಸುತ್ತು. ಸಪ್ಲೈಯರ್ ಕಾಫಿ ತರುವುದು ತಡವಾದಾಗ ಎದುರಿಗಿರುವವರು ಅವರೊಂದಿಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಯಾವ ಜಾತಕವೂ ತೋರಿಸುವುದಿಲ್ಲ.
• ಒಳಪದರದ ಪ್ರಶ್ನೆ ಕೇಳಿ, ನೀವೂ ಉತ್ತರಿಸಿ. ಕೆಲಸ ಮುಂದುವರಿಸುವುದು, ದುಡ್ಡಿನ ಲೆಕ್ಕ, ಎಲ್ಲಿ ವಾಸ, ಎರಡೂ ಕಡೆಯ ತಂದೆ ತಾಯಿಯ ಜವಾಬ್ದಾರಿ, ಮಕ್ಕಳು.
• ‘ಬೇಡ’ ಅಂದಾಗ ಏನಾಗುತ್ತದೆ ಗಮನಿಸಿ. ಸಣ್ಣ ವಿಷಯಕ್ಕೆ ‘ಬೇಡ’ ಅಂದಾಗ ಸಿಟ್ಟಾಗುವವರು ದೊಡ್ಡ ವಿಷಯಕ್ಕೂ ಸಿಟ್ಟಾಗುತ್ತಾರೆ.
• ನಿಮ್ಮ ಒಪ್ಪಿಗೆಯೇ ಮುಖ್ಯ. ಕರ್ನಾಟಕದ ಜೋಡಿಯೊಂದರ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಹೇಳಿದೆ.

ಒತ್ತಾಯ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112. ಮನಸ್ಸಿಗೆ ತೀರಾ ಭಾರವಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ರಾಷ್ಟ್ರೀಯ ಸೇವೆಯ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಫಾರ್ವರ್ಡ್ ಮಾಡುವ ಮುನ್ನ

ನಮ್ಮ ತೀರ್ಮಾನ: ‘ನಿಶ್ಚಿತ ವಿವಾಹದಲ್ಲಿ ಪ್ರೀತಿ ಎರಡು ಪಟ್ಟಾಗುತ್ತದೆ ಎಂದು ವಿಜ್ಞಾನ ಸಾಬೀತು ಮಾಡಿದೆ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ‘ಲವ್ ಮ್ಯಾರೇಜೇ ಶ್ರೇಷ್ಠ ಎಂದು ವಿಜ್ಞಾನ ಹೇಳಿದೆ’ ಎಂದು ಯಾರಾದರೂ ಕಳಿಸಿದರೆ ಅದಕ್ಕೂ ಇದೇ ಉತ್ತರ.

ಚಾಮರಾಜಪೇಟೆಯ ಆ ಓದುಗರಿಗೂ ನಾವು ಇಷ್ಟೇ ಬರೆದೆವು: ಒಪ್ಪಿ ಅಂತಲೂ ವಿಜ್ಞಾನ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಭಾನುವಾರದೊಳಗೆ ಹೇಳಬೇಕು ಅಂತಂತೂ ಹೇಳುವುದೇ ಇಲ್ಲ. ನಿಮ್ಮ ‘ಇನ್ನೊಂದೆರಡು ಸಲ ಮಾತಾಡಿ ಹೇಳ್ತೀನಿ’ ಎಂಬ ಮಾತೇ ಆ ಫಾರ್ವರ್ಡಿಗಿಂತ ಹೆಚ್ಚು ವೈಜ್ಞಾನಿಕ. ಬೇಕಾದರೆ ಈ ಲೇಖನವನ್ನು ದೊಡ್ಡಪ್ಪನಿಗೂ ಕಳಿಸಿ.